ಒಂದೂ ಮೊಳೆಯಿಲ್ಲದ ಕಾಫಿಪಾಯಿ

ನಮ್ಮ ಭಾವ ಕೆಟ್ಟ ಮನುಷ್ಯರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳಲು ಅವಕಾಶ ಸಿಗಲಿಕ್ಕಿಲ್ಲ. ಅವರಿಗೆ ಕುಡಿತವಿಲ್ಲ, ಜೂಜಿಲ್ಲ, ಸಿಟ್ಟೂ ಅಷ್ಟಕ್ಕಷ್ಟೇ. ಇರುವುದು ಒಂದೇ ಚಟ: ಕೆಲಸ ಶುರು ಮಾಡುವುದು. ಮುಗಿಸುವ ಚಟ ಮಾತ್ರ ಅವರಿಗೆ ಯಾಕೋ ಅಂಟಲಿಲ್ಲ.

ಹಾಗಾಗಿ ಅಕ್ಕನ ಮನೆಗೆ ಬಂದವರು ನೋಡಿಕೊಂಡು ನಡೆಯಬೇಕು. ಬಾಗಿಲ ಹಿಂದೆ ಎರಡೇ ಪಕ್ಕವಿರುವ ಚಪ್ಪಲಿಗೂಡು ಇದೆ; ಮೂರನೆಯ ಪಕ್ಕ ಮುಂದಿನ ಭಾನುವಾರ ಬರುತ್ತದೆ. ಯಾವ ವರ್ಷದ ಭಾನುವಾರ ಎಂದು ಕೇಳಬಾರದು. ಮುಂದಿನ ಕೋಣೆಯ ಕಪಾಟಿನಲ್ಲಿ ಒಂದು ಗಡಿಯಾರ ಇದೆ. ಭಾವ ಬಿಚ್ಚಿ ರಿಪೇರಿ ಮಾಡಿದ ಮೇಲೆ ಅದಕ್ಕೆ ಉಳಿದದ್ದು ನಿಮಿಷದ ಮುಳ್ಳು ಒಂದೇ. "ಗಂಟೆ ಎಷ್ಟು ಅಂತ ಎಲ್ಲರಿಗೂ ಗೊತ್ತೇ ಇರುತ್ತೆ, ನಿಮಿಷಾನೇ ಮುಖ್ಯ" ಎನ್ನುವುದು ಭಾವನ ವಾದ.

ಇಷ್ಟರ ನಡುವೆ ಅವರು ಪೂರ್ತಿಯಾಗಿ ಮುಗಿಸಿದ ಕೆಲಸ ಒಂದಿದೆ. ಅದು ಮುಂದಿನ ಕೋಣೆಯ ಗೋಡೆಯಲ್ಲಿರುವ ಕ್ಯಾಲೆಂಡರಿನ ಮೊಳೆ. ಮದುವೆಯಾದ ಹೊಸದರಲ್ಲಿ, ಈ ಮನೆಗೆ ಬಂದ ವಾರದಲ್ಲೇ, ಅಕ್ಕ ಸ್ಟೂಲು ಹಿಡಿದುಕೊಂಡು ನಿಂತಿದ್ದಾಗ ಭಾವ ಹೊಡೆದದ್ದು. ಅದರ ತಲೆ ತುಸು ಎಡಕ್ಕೆ ವಾಲಿದೆ. ಗೋಡೆಗೆ ಸುಣ್ಣ ಬಳಿದಾಗಲೆಲ್ಲ ಮೊಳೆಯ ತಲೆಗೂ ಬಳಿದು ಬೆಳ್ಳಗಾಗಿದೆ. ಆದರೂ ಇಪ್ಪತ್ತೆರಡು ಕ್ಯಾಲೆಂಡರುಗಳನ್ನು ಹೊತ್ತು, ಒಂದನ್ನೂ ಕೆಳಗೆ ಬೀಳಿಸಿಲ್ಲ.

ನಾನು ಅಕ್ಕನ ತಮ್ಮ, ಅದೇ ಮನೆಯ ಮೇಲಿನ ಮಹಡಿಯಲ್ಲಿದ್ದೇನೆ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಊರವರಿಗೆಲ್ಲ ಸರಿಯಾಗಿ ಕಾಣುವಂತೆ ಮಾಡುವುದು ನನ್ನ ಕಸುಬಾದ್ದರಿಂದ, ನನಗೆ ಕಾಣಬಾರದ್ದೂ ಕಾಣುತ್ತದೆ. ಈ ಕತೆಯನ್ನು ನಾನೇ ಹೇಳಬೇಕಾಗಿ ಬಂದಿರುವುದು ಅದಕ್ಕೇ.

ಎಲ್ಲ ಶುರುವಾದದ್ದು ಹಳೆಯ ಟೀಪಾಯಿಯಿಂದ. ಅದು ಕಿರುಗುಟ್ಟುತ್ತದೆ, ನಿಲ್ಲಿಸುತ್ತೇನೆ ಎಂದು ಭಾವ ಅದನ್ನು ಬಿಚ್ಚಿದರು. ಕಿರುಗುಟ್ಟುವುದು ನಿಂತಿತು, ಟೀಪಾಯಿ ನಿಲ್ಲಲಿಲ್ಲ. ಆರು ತಿಂಗಳು ಅಕ್ಕ ಹಳೆಯ ಪೇಪರಿನ ಕಟ್ಟಿನ ಮೇಲೆ ಕಾಫಿ ಲೋಟ ಇಟ್ಟಳು. ಏಳನೆಯ ತಿಂಗಳು ಚಪ್ಪಲಿ ಮೆಟ್ಟಿಕೊಂಡು, "ಏಳ್ರೀ, ಅಂಗಡಿಗೆ" ಎಂದಳು. ಲೋಕದಲ್ಲಿ ನಡೆಯುವುದನ್ನೆಲ್ಲ ನೋಡಬೇಕೆಂಬ ಆಸೆಯಿಂದ ನಾನೂ ಹೋದೆ.

ಅಂಗಡಿಯವನು ಒಂದು ಚೆಂದದ ಟೀಪಾಯಿಯನ್ನು ಮುಂದಕ್ಕೆ ಎಳೆದ.

"ಒಳ್ಳೇ ಟೀಪಾಯಿ ಸರ್. ಕಣ್ಣು ಮುಚ್ಕೊಂಡು ತಗೋಬಹುದು."

"ನಾವು ಟೀ ಕುಡಿಯೋದಿಲ್ಲ" ಎಂದರು ಭಾವ.

"ಕಾಫಿ ಲೋಟಾನೂ ಇಡಬಹುದು ಸರ್" ಎಂದ ಅವನು, ಬಹಳ ತಾಳ್ಮೆಯಿಂದ.

"ಕಾಫಿ ಇಟ್ರೆ ಅದು ಕಾಫಿಪಾಯಿ ಆಗಬೇಕು. ಹೆಸರಿನಲ್ಲೇ ತಪ್ಪಿದ್ರೆ ಒಳಗೆ ಇನ್ನೇನಿರುತ್ತೋ" ಎನ್ನುತ್ತ ಭಾವ ಮಂಡಿಯೂರಿ ಟೀಪಾಯಿಯ ಅಡಿಗೆ ನುಸುಳಿದರು. ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಒಳಗಿನಿಂದ ದನಿ ಬಂತು. "ಮೊಳೆ! ಇಲ್ಲೂ ಮೊಳೆ, ಅಲ್ಲೂ ಮೊಳೆ! ಎಂಥಾ ಕಾಲ ಬಂತಪ್ಪಾ!"

"ಮೊಳೆ ಇಲ್ದೆ ಹೇಗೆ ಸರ್ ನಿಲ್ಲುತ್ತೆ?" ಎಂದ ಅಂಗಡಿಯವನು.

ಭಾವ ಹೊರಗೆ ಬಂದು ಮಂಡಿಯ ಧೂಳು ಒರೆಸಿಕೊಂಡರು. "ನಮ್ಮ ತಾತ ಮಾಡ್ತಿದ್ರು. ಒಂದು ಮರದ ತುದಿಗೆ ನಾಲಿಗೆ ಥರ ಕೆತ್ತೋದು, ಇನ್ನೊಂದು ಮರಕ್ಕೆ ಅದೇ ಅಳತೆಗೆ ತೂತು. ನಾಲಿಗೆ ಹೋಗಿ ತೂತಿನಲ್ಲಿ ಕೂತ್ರೆ ಮುಗೀತು, ಆನೆ ಬಂದ್ರೂ ಬಿಚ್ಚೋದಿಲ್ಲ. ಅದಕ್ಕೆ ಕಚ್ಚು ಅಂತಾರೆ. ನಾನು ಮಾಡಿ ತೋರಿಸ್ತೀನಿ. ಒಂದೇ ಒಂದು ಮೊಳೆ ಇಲ್ದೆ!"

ಅಂಗಡಿಯವನು ಅಕ್ಕನ ಮುಖ ನೋಡಿದ. ಅಕ್ಕ ಒಂದು ನಿಮಿಷ ಯೋಚಿಸಿ, ನ್ಯಾಯಾಧೀಶರಂತೆ ತೀರ್ಪು ಕೊಟ್ಟಳು.

"ನೋಡಪ್ಪಾ, ಇದನ್ನ ಬರೋ ವಾರ ಅಲ್ಲ, ಅದರಾಚೆ ಭಾನುವಾರ ಸಂಜೆ ಐದು ಗಂಟೆಗೆ ನಮ್ಮನೆಗೆ ಕಳಿಸು. ರೀ, ನೀವೂ ಕೇಳಿಸ್ಕೊಳ್ಳಿ. ಅಷ್ಟರೊಳಗೆ ನಿಮ್ಮದು ನಾಲ್ಕು ಕಾಲ ಮೇಲೆ ನಿಂತು, ಅದರ ಮೇಲೆ ಎರಡು ಲೋಟ ಕಾಫಿ ಇಟ್ಟು ನಾವಿಬ್ಬರೂ ಕುಡಿದ್ರೆ, ಈ ಟೀಪಾಯಿ ಬಂದ ದಾರೀಲೇ ವಾಪಸ್. ಇಲ್ಲಾಂದ್ರೆ ನಿಮ್ಮ ಗರಗಸ, ಉಳಿ, ಕೊಡತಿ ಎಲ್ಲಾ ಗುಜರಿಗೆ. ಆಮೇಲೆ ಬಲ್ಬ್ ಬದಲಾಯಿಸೋಕೂ ನನ್ನ ಕೇಳ್ಬೇಕು."

ಭಾವ ಒಪ್ಪಿದರು. ಮನೆಗೆ ಬಂದವರೇ ಮೊದಲು ಮಾಡಿದ ಕೆಲಸವೆಂದರೆ, ಮನಸ್ಸು ಚಂಚಲವಾಗದಿರಲಿ ಎಂದು ಮನೆಯಲ್ಲಿದ್ದ ಮೊಳೆಯ ಡಬ್ಬಿಯನ್ನೂ ಸುತ್ತಿಗೆಯನ್ನೂ ಗುಜರಿಯವನಿಗೆ ಕೊಟ್ಟದ್ದು. ಕ್ಯಾಲೆಂಡರಿನ ಮೊಳೆ ಮಾತ್ರ ಉಳಿಯಿತು. ಅದು ಗೋಡೆಗೆ ಸೇರಿದ್ದು, ಮನೆಗೆ ಸೇರಿದ್ದಲ್ಲ ಎಂದು ಅವರೇ ವಿನಾಯಿತಿ ಕೊಟ್ಟರು.

ಆ ಸಂಜೆ ಮೆಟ್ಟಿಲ ಮೇಲೆ ಸಿಕ್ಕಾಗ ಭಾವ ನನ್ನ ತೋಳು ಹಿಡಿದುಕೊಂಡರು. "ಒಂದಾದ್ರೂ ಮುಗಿಸ್ಬೇಕು ಕಣಯ್ಯಾ. ಇಪ್ಪತ್ತೆರಡು ವರ್ಷದಿಂದ ಅವಳು ನನ್ನ 'ಆಯ್ತಾ, ಆಯ್ತಾ' ಅಂತ ಕೇಳ್ತಾನೇ ಇದಾಳೆ. ಒಂದ್ಸಲ, ಒಂದೇ ಸಲ, ನಾನು 'ಆಯ್ತು' ಅನ್ನಬೇಕು." ನನಗೆ ಅಯ್ಯೋ ಪಾಪ ಅನ್ನಿಸಿತು. ಅನ್ನಿಸಿದ್ದರಿಂದಲೇ, ಮರ ಹಿಡಿದುಕೊಳ್ಳಲು ಬರುತ್ತೇನೆ ಎಂದುಬಿಟ್ಟೆ. ಬಾಯಿ ತಪ್ಪಿ ಬಂದ ಈ ಮಾತಿಗೆ ನಾನು ಎರಡು ವಾರ ಬೆಲೆ ತೆತ್ತೆ.

ಮೊದಲ ವಾರ ಹಳೆಯ ಬಾಗಿಲೊಂದನ್ನು ಹುಡುಕಿ ತಂದು ಕೊಯ್ಯುವುದರಲ್ಲಿ ಹೋಯಿತು. ಎರಡನೆಯ ವಾರಕ್ಕೆ ಭಾವ "ಮನೆಯಲ್ಲಿ ತುರ್ತು ಕೆಲಸ" ಎಂದು ಬರೆದು ಆಫೀಸಿಗೆ ರಜ ಹಾಕಿದರು. ಮುಗಿಯುವ ತನಕ ಹೊರಗಿನ ಯಾರೂ ನೋಡಕೂಡದೆಂದು ಮುಂದಿನ ಕೋಣೆಯ ಕಿಟಕಿಗೆ ಪರದೆ ಎಳೆದರು. ವಿದ್ಯೆ ಕಲಿತದ್ದು ಮೊಬೈಲಿನಿಂದ. ಅದರಲ್ಲಿ ಯಾವುದೋ ದೇಶದ ಮುದುಕನೊಬ್ಬ ಬಾಯಿಯನ್ನೇ ತೆರೆಯದೆ ಹನ್ನೆರಡು ನಿಮಿಷದಲ್ಲಿ ಮೇಜು ಮಾಡಿ ಮುಗಿಸುತ್ತಾನೆ. ಭಾವ ಬಾಯಿಯನ್ನು ಮುಚ್ಚದೆ ನಾಲ್ಕು ದಿನ ಕೆತ್ತಿದರೂ ಒಂದು ಕಾಲೂ ಕೂತಿರಲಿಲ್ಲ.

ಗುರುವಾರ ನನ್ನ ಅಂಗಡಿಗೆ ರಜ. ಬೆಳಗಿನಿಂದ ನಾನು ಹಲಗೆಯನ್ನು ಎರಡು ಮಂಡಿಗಳ ನಡುವೆ ಅವುಚಿಕೊಂಡು ಕೂತಿದ್ದೆ. ಭಾವ ಕಾಲಿನ ನಾಲಿಗೆಯನ್ನು ತೂತಿಗೆ ಒತ್ತುತ್ತಾ "ಹ್ಞೂಂ... ಹಾ..." ಎಂದು ನರಳುತ್ತಿದ್ದರು. ಅಷ್ಟರಲ್ಲಿ ಕಿಟಕಿಯ ಮೇಲಿದ್ದ ಫೋನು ಬಡಿದುಕೊಂಡಿತು. ಅವರ ಆಫೀಸಿನ ಹೆಡ್ ಗುಮಾಸ್ತರು. ಎರಡು ಕೈಯಲ್ಲೂ ಕೆಲಸವಿದ್ದುದರಿಂದ ಭಾವ ಮೊಣಕೈಯಿಂದಲೇ ಸ್ಪೀಕರ್ ಒತ್ತಿದರು.

"ಏನ್ರೀ, ನಾಲ್ಕು ದಿನದಿಂದ ಪತ್ತೇನೇ ಇಲ್ಲ? ಮೈಯಲ್ಲಿ ಹುಷಾರಿಲ್ವಾ?"

"ಮೈಗೇನಾಗಿದೆ ಸರ್, ಗಟ್ಟಿಯಾಗಿದೀನಿ. ಈ ಮೊಳೆ ವಿಷಯಾನೇ ತಲೆನೋವಾಗಿದೆ."

ಆ ಕಡೆ ದನಿ ಒಮ್ಮೆಲೇ ತಗ್ಗಿತು. "ಮೊಳೆನಾ? ಯಾವಾಗಿಂದ?"

"ಹೋದ ವಾರದಿಂದ ಸರ್. ಒಂದೂ ಮೊಳೆ ಇರಬಾರದು ಅಂತ ಹಠ ಹಿಡಿದಿದೀನಿ."

"ಇರಬಾರ್ದು ಕಣ್ರೀ, ಶತ್ರುವಿಗೂ ಇರಬಾರ್ದು. ಈಗ ಹೇಗೆ? ಕೂರೋಕಾಗುತ್ತಾ?"

"ಅದೇ ಸರ್ ಕಷ್ಟ. ಏನು ಮಾಡಿದ್ರೂ ಕೂರ್ತಾ ಇಲ್ಲ. ಬೆಳಿಗ್ಗೆಯಿಂದ ತಿಣುಕಿ ತಿಣುಕಿ ಸುಸ್ತಾಯ್ತು. ಬಿಗಿ ಜಾಸ್ತಿ."

"ನೀರು ಕುಡೀರಿ. ನೀರು ಜಾಸ್ತಿ ಕುಡೀರಿ."

ಬಡಗಿ ಕೆಲಸಕ್ಕೂ ನೀರಿಗೂ ಏನು ಸಂಬಂಧವೆಂದು ಭಾವನಿಗೆ ಹೊಳೆಯಲಿಲ್ಲ. ಆದರೆ ಮೇಲಿನವರ ಮಾತು. "ಆಗಲಿ ಸರ್" ಎಂದರು.

"ಔಷಧಿ ಗಿಷಧಿ?"

"ಸ್ವಲ್ಪ ಎಣ್ಣೆ ಸವರಿದೆ ಸರ್. ಅದಕ್ಕೂ ಬಗ್ಗಲಿಲ್ಲ. ಕೊನೆಗೆ ಉಳಿ ತಗೊಂಡು ಸುತ್ತಲೂ ಕೆತ್ತಿದೆ."

"ಉ... ಉಳಿನಾ?"

"ಅರ್ಧ ಇಂಚಿಂದು ಸರ್. ಹೊಸದು, ಒಳ್ಳೇ ಹರಿತ ಇದೆ."

"ನೀವೇನಾ? ನಿಮ್ಮ ಕೈಯಾರೆ?"

"ಇನ್ಯಾರು ಮಾಡ್ತಾರೆ ಸರ್? ನನ್ನ ಭಾವಮೈದ ಅಲ್ಲಾಡದ ಹಾಗೆ ಹಿಡ್ಕೊಂಡಿರ್ತಾನೆ, ನಾನು ಕೆತ್ತುತ್ತೀನಿ."

"ರಕ್ತ?"

"ಸೋಮವಾರ ಬಂತು. ಈಗ ಕೈ ಪಳಗಿದೆ."

"ರೀ ಮಹರಾಯ್ರೇ, ಡಾಕ್ಟರಿಗೆ ತೋರ್ಸ್ರೀ!"

"ಇಷ್ಟಕ್ಕೆಲ್ಲ ಡಾಕ್ಟರು ಯಾಕೆ ಸರ್? ಮೊಬೈಲಿನಲ್ಲಿ ನೋಡ್ಕೊಂಡು ಮಾಡ್ತಿದೀನಿ. ಭಾನುವಾರ ಮನೆಗೆ ಬನ್ನಿ ಸರ್, ಎಲ್ಲಾ ಬಿಚ್ಚಿ ತೋರಿಸ್ತೀನಿ."

"ಬೇಡ! ಬೇಡ ಕಣ್ರೀ! ನೀವು ಎಷ್ಟು ದಿನ ಬೇಕೋ ಅಷ್ಟು ರಜ ತಗೊಳ್ಳಿ" ಎಂದು ಫೋನು ಇಟ್ಟೇಬಿಟ್ಟರು.

ಭಾವ ಹೆಮ್ಮೆಯಿಂದ ನನ್ನ ಕಡೆ ತಿರುಗಿದರು. "ನೋಡಿದ್ಯಾ? ಕೈಕೆಲಸ ಅಂದ್ರೆ ಆಫೀಸಿನಲ್ಲಿ ಎಷ್ಟು ಗೌರವ!"

ಈಗ ಒಂದು ಮಾತು ಹೇಳಲೇಬೇಕು. ನಮ್ಮ ಭಾಷೆಯಲ್ಲಿ ಮೊಳೆ ಎರಡು ಥರ. ಒಂದನ್ನು ಗೋಡೆಗೆ ಹೊಡೆಯುತ್ತಾರೆ. ಇನ್ನೊಂದು ಇರುವವರು ಗೋಡೆಗೆ ಒರಗಿ ನಿಲ್ಲುತ್ತಾರೆ, ಕೂರುವುದಿಲ್ಲ. ಹೆಡ್ ಗುಮಾಸ್ತರು ಯಾವ ಮೊಳೆಯ ಬಗ್ಗೆ ಕಂಗಾಲಾದರೆಂದು ನನಗೆ ಮೂರನೆಯ ಮಾತಿಗೇ ಗೊತ್ತಾಗಿತ್ತು. ನಾನು ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಾಲ್ಕು ದಿನದಿಂದ ಅಂಗಡಿಯ ಬಿಡುವಿನಲ್ಲೆಲ್ಲ ಮರ ಹಿಡಿದು ನನ್ನ ಮಂಡಿಗೆ ಬಾವು ಬಂದಿತ್ತು, ಒಂದು ಲೋಟ ಕಾಫಿ ಕೂಡ ಯಾರೂ ಕೊಟ್ಟಿರಲಿಲ್ಲ. ಮನುಷ್ಯನಿಗೆ ಏನಾದರೂ ಒಂದು ಸಂತೋಷ ಬೇಡವೇ?

ಫೋನಿನ ಮಾತು ಕೇಳಿಸಿಕೊಂಡವನು ನಾನೊಬ್ಬನೇ ಅಲ್ಲ. ಎದುರು ಮನೆಯಲ್ಲಿ ನಿವೃತ್ತ ಕಾಂಪೌಂಡರೊಬ್ಬರಿದ್ದಾರೆ. ನಲವತ್ತು ವರ್ಷ ದವಾಖಾನೆಯಲ್ಲಿ ಔಷಧಿ ಕಲಸಿ ಕೊಟ್ಟವರು. ಈಗ ರೋಗಿಗಳು ಬರುವುದಿಲ್ಲವೆಂದು ತಾವೇ ರೋಗಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಎಳೆದ ಪರದೆ, ಒಳಗಿನಿಂದ ನರಳಾಟ, ಈಗ ಈ ಫೋನು. ಶುಕ್ರವಾರ ಬೆಳಿಗ್ಗೆ ಅವರು ಒಂದು ಅಗಲವಾದ ಪ್ಲಾಸ್ಟಿಕ್ ಬೋಗುಣಿ ಹಿಡಿದುಕೊಂಡು ಹಿತ್ತಲ ಬಾಗಿಲಿನಿಂದ ನೇರವಾಗಿ ಅಡುಗೆಮನೆಗೇ ಬಂದರು. ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಳು, ನಾನು ಕಾಫಿಗೆ ಕಾದು ಕೂತಿದ್ದೆ.

"ನಾಚ್ಕೋಬೇಡಮ್ಮಾ. ನನಗೆಲ್ಲಾ ಗೊತ್ತಾಗಿದೆ. ಯಜಮಾನರಿಗೆ ಇದು ಎಷ್ಟು ದಿನದಿಂದ?"

ಅವರು ಬಡಗಿತನದ ಹುಚ್ಚಿನ ಬಗ್ಗೆಯೇ ಕೇಳುತ್ತಿದ್ದಾರೆಂದು ಅಕ್ಕ ತಿಳಿದಳು. "ದಿನ ಏನು ಬಂತು, ಇಪ್ಪತ್ತೆರಡು ವರ್ಷದಿಂದ ಇದೆ."

"ಇಪ್ಪತ್ತೆರಡು ವರ್ಷ! ಮದುವೆಗೆ ಮುಂಚೆ ಗೊತ್ತಿತ್ತಾ?"

"ಅವರಮ್ಮ ಒಂದು ಮಾತು ಹೇಳಲಿಲ್ಲ ನೋಡಿ."

"ವಂಶದಲ್ಲಿ ಇದೆಯಾ?"

"ಇವರ ತಾತನಿಗೂ ಇತ್ತಂತೆ. ಬಂದವರ ಹತ್ರ ಎಲ್ಲಾ ಹೆಮ್ಮೆಯಿಂದ ಹೇಳ್ಕೋತಾರೆ."

"ಹೆಮ್ಮೆಯಿಂದ!" ಕಾಂಪೌಂಡರು ಕನ್ನಡಕ ತೆಗೆದು ಒರೆಸಿಕೊಂಡರು. "ದೊಡ್ಡ ಮನಸ್ಸು ಕಣಮ್ಮಾ ಅವರದ್ದು. ದಿನಕ್ಕೆ ಮೂರು ಸಲ ಇದಕ್ಕೆ ಬಿಸಿನೀರು ಹಾಕಿ ಕೂರಿಸು."

"ಏನು ಹಾಕಿದ್ರೂ ಕೂರ್ತಿಲ್ಲ ಅಂತಾರಲ್ಲ" ಎಂದಳು ಅಕ್ಕ. ನಾನು ಈರುಳ್ಳಿಯ ನೆಪದಲ್ಲಿ ಕಣ್ಣೊರೆಸಿಕೊಂಡು ಹೊರಗೆ ಓಡಿದೆ. ಬೋಗುಣಿ ಬಹಳ ಉಪಯೋಗವಾಯಿತು. ಭಾವ ಅದರಲ್ಲಿ ಮರದ ಹೊಟ್ಟು ತುಂಬಿಸಿದರು.

ಆಫೀಸಿನಲ್ಲಿ ಸುದ್ದಿ ಮೇಜಿನಿಂದ ಮೇಜಿಗೆ ಹೋಗುತ್ತಾ ಬೆಳೆಯಿತು. ಶುಕ್ರವಾರ ಸಂಜೆ ಟೈಪಿಸ್ಟ್ ಒಂದು ಗೊನೆ ಬಾಳೆಹಣ್ಣು ಕಳಿಸಿದಳು. ಶನಿವಾರ ಜವಾನ ಬಂದು, ಮುಖ ನೋಡಲಾರದೆ, ಯಾವುದೋ ಮುಲಾಮಿನ ಡಬ್ಬಿಯನ್ನು ಬಾಗಿಲ ಬಳಿ ಇಟ್ಟು ಓಡಿಹೋದ. ಭಾವ ಅದನ್ನು ಮೂಸಿ ನೋಡಿ ಗರಗಸಕ್ಕೆ ಹಚ್ಚಿದರು. "ಎಂಥಾ ಜನ ಕಣಯ್ಯಾ! ಒಬ್ಬ ಕಲಾವಿದ ಒಳಗೆ ಕಷ್ಟಪಡ್ತಿದಾನೆ ಅಂತ ಎಲ್ಲರಿಗೂ ಎಷ್ಟು ಕಾಳಜಿ!"

ಅಂತೂ ಶನಿವಾರ ಸಂಜೆಗೆ ಮೂರು ಕಾಲು ಕೂತವು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಕೂತವು. ಹಳೆಯ ಬಾಗಿಲಿನ ಮರ ಉಜ್ಜಿದಷ್ಟೂ ಹೊಳೆಯುತ್ತಿತ್ತು. ಅದನ್ನು ಸವರಿ ನೋಡಿ ನಾನು ಮೊದಲ ಸಲ ನಗುವುದನ್ನು ಮರೆತೆ. ಆದರೆ ನಾಲ್ಕನೆಯ ಕಾಲು ಬಿಗಿಯೆಂದು ಭಾವ ಕೆತ್ತಿದರು, ಇನ್ನೂ ಬಿಗಿಯೆಂದು ಮತ್ತೆ ಕೆತ್ತಿದರು, ಮೂರನೆಯ ಸಲ ಅದು ಸಲೀಸಾಗಿ ಒಳಗೆ ಹೋಯಿತು. ಸಲೀಸಾಗಿ ಹೊರಗೂ ಬಂತು. ನಾಲ್ಕು ಕಾಲ ಮೇಲೆ ನಿಲ್ಲಿಸಿದರೆ ಆ ಮೂಲೆ ನಿಧಾನವಾಗಿ ತಲೆಬಾಗಿ ನಮಸ್ಕಾರ ಮಾಡುತ್ತಿತ್ತು.

ಭಾನುವಾರ ಮಧ್ಯಾಹ್ನದವರೆಗೂ ಭಾವ ಆ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ಬಿಗಿ ಇದ್ರೆ ಕೆತ್ತಬಹುದು ಕಣಯ್ಯಾ. ಕೆತ್ತಿದ್ದನ್ನ ಮತ್ತೆ ಮರಕ್ಕೆ ಸೇರಿಸೋಕಾಗಲ್ವಲ್ಲ" ಎಂದರು. ಆ ದನಿಯಲ್ಲಿ ಜಂಭದ ಒಂದು ತುಣುಕೂ ಇರಲಿಲ್ಲ. ಆಮೇಲೆ ಎದ್ದು, ಮರ ಉಜ್ಜುವ ಉಪ್ಪುಕಾಗದ ಮುಗಿದಿದೆ, ತರುತ್ತೇನೆ ಎಂದು ಹೊರಟರು. ಉಪ್ಪುಕಾಗದ ಇನ್ನೂ ನಾಲ್ಕು ಹಾಳೆ ಕಣ್ಣೆದುರೇ ಬಿದ್ದಿತ್ತು. ಅವರು ತಿರುವಿನವರೆಗೂ ತಲೆ ತಗ್ಗಿಸಿಕೊಂಡೇ ನಡೆದದ್ದನ್ನು ಅಕ್ಕ ಪರದೆಯ ಸಂದಿಯಿಂದ ನೋಡಿದಳು.

ನೋಡಿ, ಸೀದಾ ಗೋಡೆಯ ಹತ್ತಿರ ಹೋದಳು. ಕ್ಯಾಲೆಂಡರನ್ನು ತೆಗೆದು ಕಪಾಟಿನ ಗಡಿಯಾರಕ್ಕೆ ಒರಗಿಸಿಟ್ಟಳು. ಅಡುಗೆಮನೆಯಿಂದ ಇಕ್ಕಳ ತಂದು ಮೊಳೆಯನ್ನು ಅತ್ತಿತ್ತ ಅಲ್ಲಾಡಿಸಿ ಕಿತ್ತಳು. ಇನ್ನೊಂದು ಕೈಯಲ್ಲಿ ಕುಟ್ಟಾಣಿ ಇತ್ತು.

"ಏ, ಬಾರೋ ಇಲ್ಲಿ. ಟೀಪಾಯಿ ಮಗುಚಿ ಕಾಲು ಗಟ್ಟಿಯಾಗಿ ಹಿಡ್ಕೋ."

"ಅಕ್ಕಾ, ಒಂದೂ ಮೊಳೆ ಇಲ್ದೆ ಅಂತ ಭಾವ ಅಷ್ಟು..."

"ಬಾಯಿ ಮುಚ್ಕೊಂಡು ಹಿಡ್ಕೋ ಅಂದೆ. ಐದು ಗಂಟೆಗೆ ವ್ಯಾನ್ ಬರುತ್ತೆ." ಕುಟ್ಟಾಣಿಯಿಂದ ನಾಲ್ಕು ಏಟು ಹಾಕಿದಳು. ಐದನೆಯ ಏಟಿಗೆ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈ ಮನುಷ್ಯನ ಕೈಯಿಂದ ಉಳಿ ಕಿತ್ಕೊಂಡ್ರೆ, ಇವರ ಹತ್ರ ಇನ್ನೇನಿರುತ್ತೋ?" ಬೆಳ್ಳಗಿನ ತಲೆಯ ಮೊಳೆ, ಕಾಲಿನ ಒಳಬದಿಯಲ್ಲಿ, ಇಲ್ಲಿಯೂ ಎಡಕ್ಕೆ ವಾಲಿಕೊಂಡೇ ಕೂತಿತು.

ಭಾವ ಹಿಂತಿರುಗಿ ಬಂದು, ಕೊನೆಯ ಸಲ ನೋಡೋಣವೆಂಬಂತೆ ಟೀಪಾಯಿಯ ಮೇಲೆ ಕೈಯೂರಿದರು. ಅದು ತಲೆಬಾಗಲಿಲ್ಲ. ಇನ್ನೊಂದು ಕೈಯೂರಿ ಭಾರ ಬಿಟ್ಟರು. ಮಿಸುಕಲಿಲ್ಲ.

"ಕೂತಿತು!" ಎಂದು ಅವರು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. "ಕೂತಿತು ಕಣೇ! ಕೂತೇಬಿಡ್ತು!"

"ಕೂತ್ರಾ!" ಎದುರು ಮನೆಯ ಕಿಟಕಿಯಿಂದ ಕಾಂಪೌಂಡರು ಎರಡು ಕೈಯೆತ್ತಿ ಮುಗಿದರು. "ಬಿಸಿನೀರು! ನಾನು ಹೇಳ್ಲಿಲ್ವಾ, ಬಿಸಿನೀರು!"

ಐದಕ್ಕೆ ಸರಿಯಾಗಿ ಅಕ್ಕನೆದುರು ಅನಾವರಣ ಮಾಡಬೇಕೆಂದು ಭಾವ ಟೀಪಾಯಿಗೆ ಒಂದು ಹಾಸುಬಟ್ಟೆ ಹೊದಿಸಿದರು. ಆಗಲೇ ಬಾಗಿಲು ಬಡಿದ ಶಬ್ದವಾಯಿತು. ಬಾಗಿಲಲ್ಲಿದ್ದವರು ಸಾಕ್ಷಾತ್ ಅವರ ಆಫೀಸಿನ ಸಾಹೇಬರು. ಕಪ್ಪು ಕನ್ನಡಕ, ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ದುಂಡನೆಯದೇನೋ ಒಂದು. ಕಾರನ್ನು ಎರಡು ಬೀದಿ ಆಚೆ ನಿಲ್ಲಿಸಿ ನಡೆದು ಬಂದಿದ್ದರು. ಈ ಸಾಹೇಬರಿಗೆ ಆಫೀಸಿನಲ್ಲಿ ದೊಡ್ಡ ಹೆಸರು. ಮೀಟಿಂಗಿನಲ್ಲಿ ಎರಡು ಗಂಟೆಯಾದರೂ ನಿಂತೇ ಮಾತಾಡುತ್ತಾರೆ, ಫೈಲನ್ನು ನಿಂತೇ ಓದುತ್ತಾರೆ, ಎಂಥಾ ಶಿಸ್ತು ಎಂದು ಭಾವ ನಮಗೆ ನೂರು ಸಲ ಹೇಳಿದ್ದರು. ಅಕ್ಕ ಕಾಫಿಗೆ ನೀರಿಡಲು ಒಳಗೆ ಹೋದಳು. ನಾನು ಪಕ್ಕದ ಕೋಣೆಗೆ ಸರಿದೆ. ಕದ್ದು ಕೇಳಿದೆನೆಂದು ಭಾವಿಸಬೇಡಿ, ಆ ಕೋಣೆಗೆ ಬಾಗಿಲಿಲ್ಲ. ಭಾವ ಅದನ್ನು ರಿಪೇರಿಗೆಂದು ಕಳಚಿಟ್ಟು ಎಂಟು ವರ್ಷವಾಗಿದೆ.

"ಕೂತ್ಕೊಳ್ಳಿ ಸರ್."

"ಇರಲಿ ಇರಲಿ. ನಿಂತೇ ಇರ್ತೀನಿ." ಸಾಹೇಬರು ಸುತ್ತ ನೋಡಿ ಪಿಸುಗುಟ್ಟಿದರು. "ಹೆಡ್ ಗುಮಾಸ್ತರು ಹೇಳಿದ್ರು. ನಿಜಾನಾ? ಈಗ ಒಂದೂ ಮೊಳೆ ಇಲ್ವಾ?"

"ಒಂದೂ ಇಲ್ಲ ಸರ್. ಆಣೆ ಮಾಡಿ ಹೇಳ್ತೀನಿ."

"ಎಲ್ಲಾ ಮನೆಯಲ್ಲೇ? ನೀವೇ?"

"ನಾನೇ ಸರ್. ತಾತನ ಕಾಲದ ಪದ್ಧತಿ."

ಸಾಹೇಬರು ಕಪ್ಪು ಕನ್ನಡಕ ತೆಗೆದರು. ಕಣ್ಣಲ್ಲಿ ಆಸೆ ಇತ್ತು. "ನೋಡ್ರೀ, ಇದನ್ನ ನನ್ನ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ನನಗೂ ಇದೆ. ಹತ್ತು ವರ್ಷದಿಂದ."

"ಸರ್, ಈಗಿನ ಕಾಲದಲ್ಲಿ ಮೊಳೆ ಇಲ್ಲದ ಮನೆ ಎಲ್ಲಿದೆ ಹೇಳಿ. ಅಂಗಡಿಯವನಿಗೂ ಅದೇ ಗತಿ."

"ಹೌದಾ? ಎಲ್ಲರಿಗೂ ಇದೆಯಾ?" ಸಾಹೇಬರಿಗೆ ಬಹಳ ಸಮಾಧಾನವಾದಂತೆ ಕಂಡಿತು.

"ನೀವು ಹ್ಞೂಂ ಅನ್ನಿ ಸರ್, ನಿಮಗೂ ಮಾಡ್ಕೊಡ್ತೀನಿ. ಎರಡು ವಾರ ಸಾಕು. ಉಳಿ, ಕೊಡತಿ ಎಲ್ಲಾ ಇಲ್ಲೇ ಇದೆ. ಹಿಡ್ಕೊಳ್ಳೋಕೆ ನನ್ನ ಭಾವಮೈದ ಇದಾನೆ."

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಬೆನ್ನು ಆನಿಸಿಕೊಂಡರು. "ಕೊಡತಿನೂ ಬೇಕಾ?"

"ಮೆತ್ತಗೆ ಬಡೀತೀನಿ ಸರ್. ನೀವು ಕಣ್ಣಾರೆ ನೋಡಿದ್ರೆ ನಂಬ್ತೀರಿ. ಇರಿ, ಬಟ್ಟೆ ತೆಗೆದು ತೋರಿಸ್ತೀನಿ."

"ಬೇಡ! ಬಟ್ಟೆ ತೆಗೀಬೇಡಿ!" ಎಂದು ಸಾಹೇಬರು ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡರು.

ಭಾವ ಹಾಸುಬಟ್ಟೆಯನ್ನು ಸರ್ರನೆ ಎಳೆದರು. ಸಾಹೇಬರ ಬೆರಳ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು, ಆಮೇಲೆ ಎರಡು.

"ಇದೇನ್ರೀ ಇದು?"

"ಕಾಫಿಪಾಯಿ ಸರ್. ಒಂದೂ ಮೊಳೆ ಇಲ್ಲ."

ಸಾಹೇಬರು ಟೀಪಾಯಿ ನೋಡಿದರು, ಉಳಿ ನೋಡಿದರು, ಹೊಟ್ಟು ತುಂಬಿದ ಬೋಗುಣಿ ನೋಡಿದರು. ಅವರ ಮುಖ ಕಿವಿಯಿಂದ ಶುರುವಾಗಿ ಕೆಂಪಾಯಿತು. ಕಂಕುಳಲ್ಲಿದ್ದದ್ದು ಜಾರಿ ಕೆಳಗೆ ಬಿದ್ದು ಪೇಪರು ಹರಿಯಿತು. ಅದು ಕೂರಲಾಗದವರು ಕೂರುವ, ನಡುವೆ ತೂತಿರುವ ದುಂಡನೆಯ ರಬ್ಬರ್ ದಿಂಬು. ಭಾವ ಅದನ್ನೇ ನೋಡಿದರು. ನೀರು ಕುಡೀರಿ ಎಂದದ್ದು, ಬಾಳೆಹಣ್ಣು, ಮುಲಾಮು, ನಿಂತೇ ಇರುವ ಸಾಹೇಬರು, ಎಲ್ಲವೂ ಅವರ ತಲೆಯಲ್ಲಿ ಒಂದೊಂದಾಗಿ ಕೂರುತ್ತಿದ್ದುದು ನನಗೆ ಪಕ್ಕದ ಕೋಣೆಯಿಂದಲೇ ಕಾಣಿಸುತ್ತಿತ್ತು.

"ನಾನು ಈಗ ಹೇಳಿದ್ದು..." ಸಾಹೇಬರು ಅಡುಗೆಮನೆಯ ಕಡೆ ನೋಡಿದರು. "ಆಫೀಸಿನಲ್ಲಿ ಗೊತ್ತಾದ್ರೆ ನಾನು ತಲೆ ಎತ್ಕೊಂಡು ತಿರುಗೋಕಾಗಲ್ಲ ಕಣ್ರೀ."

ಬಲ್ಬ್ ಹಾಕಲೂ ಬಾರದ ನಮ್ಮ ಭಾವ ಆಗ ಬೆನ್ನು ನೆಟ್ಟಗೆ ಮಾಡಿಕೊಂಡು ಒಂದು ಮಾತು ಹೇಳಿದರು. ಅದಕ್ಕಾಗಿ ನಾನು ಅವರ ಅರ್ಧಂಬರ್ಧ ಕೆಲಸಗಳನ್ನೆಲ್ಲ ಕ್ಷಮಿಸಿದ್ದೇನೆ. "ನೀವೇನು ಹೇಳಿದ್ರಿ ಸರ್? ಮೊಳೆ ಇರೋದು ನನಗೆ. ನೀವು ನೋಡ್ಕೊಂಡು ಹೋಗೋಕೆ ಬಂದಿದ್ರಿ, ಅಷ್ಟೇ." ದಿಂಬನ್ನು ಎತ್ತಿ, ಹೊಟ್ಟು ಕೊಡವಿ, ಹಾಸುಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಸಾಹೇಬರು ಅವರ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಐದು ಗಂಟೆಗೆ ವ್ಯಾನು ಬಂತು. ಹೊಸ ಟೀಪಾಯಿಯನ್ನು ತಲೆಯ ಮೇಲೆ ಹೊತ್ತು ಅಂಗಡಿಯವನೇ ಬಾಗಿಲಲ್ಲಿ ನಿಂತ. ಅಕ್ಕ ಅವನ ಕಡೆ ನೋಡಲೇ ಇಲ್ಲ. ಎರಡು ಲೋಟ ಕಾಫಿ ತಂದು ಕಾಫಿಪಾಯಿಯ ಮೇಲಿಟ್ಟಳು, ಅದೂ ನಾಲ್ಕನೆಯ ಕಾಲಿನ ಮೂಲೆಗೇ. ಕಾಫಿಯ ಮೇಲಿನ ನೊರೆ ಕೂಡ ಅಲುಗಲಿಲ್ಲ. ಇಬ್ಬರೂ ಎದುರು ಬದುರು ಕೂತು ಒಂದೊಂದು ಗುಟುಕು ಕುಡಿದರು.

"ವಾಪಸ್ ತಗೊಂಡ್ಹೋಗಪ್ಪಾ" ಎಂದಳು ಅಕ್ಕ.

"ಯಾಕಮ್ಮಾ?"

"ನಮ್ಮದು ಆಯ್ತು."

ಇಪ್ಪತ್ತೆರಡು ವರ್ಷ ಕಾದಿದ್ದ ಮಾತನ್ನು ಅವಳೇ ಹೇಳಿಬಿಟ್ಟಳು. ಭಾವ ಕಣ್ಣಿಗೆ ಹೊಟ್ಟು ಬಿತ್ತೆಂದು ಉಜ್ಜಿಕೊಂಡರು. ಅಲ್ಲಿಗೆ ಸುಮ್ಮನಿದ್ದರೆ ಅವರು ನಮ್ಮ ಭಾವ ಹೇಗಾದಾರು? "ನಿಲ್ಲಯ್ಯಾ, ಮೊಳೆ ಇಲ್ದೆ ನಿಲ್ಲಲ್ಲ ಅಂದ್ಯಲ್ಲ, ತೋರಿಸ್ತೀನಿ" ಎಂದು ಲೋಟ ಕೈಗೆ ತೆಗೆದುಕೊಂಡು ಅಕ್ಕನಿಗೆ ಕೊಟ್ಟು, ಮಂಡಿಯೂರಿ ಕಾಫಿಪಾಯಿಯ ಅಡಿಗೆ ನುಸುಳಿಯೇಬಿಟ್ಟರು.

ಅಕ್ಕ ನನ್ನನ್ನು ನೋಡಿದಳು, ನಾನು ಅಕ್ಕನನ್ನು ನೋಡಿದೆ. ಹೊರಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಆ ಕಾಲುಗಳು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಅಲ್ಲಾಡದೆ ಇದ್ದವೆಂದು ನನಗೆ ಅನ್ನಿಸಿತು. ಆಮೇಲೆ ಭಾವ ಹೊರಗೆ ಬಂದರು.

"ಒಂದೂ ಇಲ್ಲ" ಎಂದರು. "ನೀನು ಬಗ್ಗಿ ನೋಡೋದೇನೂ ಬೇಡ. ಹೊತ್ತಾಯ್ತು, ಹೊರಡು."

ಅವನು ಹೋದ. ಅಕ್ಕ ಉಸಿರು ಬಿಟ್ಟು, ಲೋಟಗಳನ್ನು ತೆಗೆದುಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ಅಡಿಯ ಕತ್ತಲಲ್ಲಿ ಮೊಳೆ ಕಾಣಿಸಿಲ್ಲ, ಬಚಾವಾದೆವು ಎಂದುಕೊಂಡು ನಾನೂ ಗೋಡೆಗೆ ಒರಗಿದೆ. ಅಷ್ಟರಲ್ಲಿ ಫೋನು ಬಂತು. ಹೆಡ್ ಗುಮಾಸ್ತರು. ಅಭ್ಯಾಸಬಲದಿಂದ ಭಾವ ಮೊಣಕೈಯಿಂದಲೇ ಸ್ಪೀಕರ್ ಒತ್ತಿದರು.

"ಏನ್ರೀ, ನಾಳೆಯಾದ್ರೂ ಬರ್ತೀರಾ? ಮೊಳೆ ಹೇಗಿದೆ ಈಗ?"

ಭಾವ ಗೋಡೆಯ ಕಡೆ ನೋಡಿದರು. ಕ್ಯಾಲೆಂಡರಿದ್ದ ಜಾಗದಲ್ಲಿ ಸುಣ್ಣ ಕಿತ್ತ ಒಂದು ಸಣ್ಣ ತೂತಿತ್ತು.

"ಬರ್ತೀನಿ ಸರ್. ಎಲ್ಲಾ ಹೋಗಿದೆ. ಒಂದೇ ಒಂದು ಉಳ್ಕೊಂಡಿದೆ."

"ಅಯ್ಯೋ, ಅದನ್ನೂ ತೆಗೆಸಿಬಿಡಿ ಮತ್ತೆ!"

"ಬೇಡ ಸರ್. ಅದು ಹಳೇದು, ಇಪ್ಪತ್ತೆರಡು ವರ್ಷದ್ದು. ಅದು ಹಿಡ್ಕೊಂಡಿರೋದಕ್ಕೇ ಇಷ್ಟಾದ್ರೂ ನಿಂತಿರೋದು."

"ನೋವಾಗಲ್ವೇನ್ರೀ?"

ಭಾವ ಕಾಫಿಪಾಯಿಯ ಮೇಲೆ ಕೈಯಾಡಿಸಿದರು. "ಇಲ್ಲ ಸರ್. ಹಿತವಾಗಿದೆ" ಎಂದರು. ಆಮೇಲೆ ಗುಟ್ಟು ಹೇಳುವವರಂತೆ ಫೋನಿಗೆ ಬಾಯಿ ಹತ್ತಿರ ತಂದು, "ನಮ್ಮನೆಯವಳಿಗೆ ಮಾತ್ರ ಹೇಳ್ಬೇಡಿ. ನನಗೆ ಗೊತ್ತಾಗಿಲ್ಲ ಅಂದ್ಕೊಂಡಿದಾಳೆ" ಎಂದರು.

ಅಡುಗೆಮನೆಯಲ್ಲಿ ನಲ್ಲಿಯ ಶಬ್ದ ನಿಂತಿತು. ಹೆಡ್ ಗುಮಾಸ್ತರು ಏನೋ ಕೇಳುತ್ತಲೇ ಇದ್ದರು.

"ರೀ" ಎಂದಳು ಅಕ್ಕ ಒಳಗಿನಿಂದಲೇ. ದನಿ ಸ್ವಲ್ಪ ಒದ್ದೆಯಾಗಿತ್ತು. "ಇನ್ನೊಂದು ಲೋಟ ಕಾಫಿ ಕುಡೀತೀರಾ?"

"ಕುಡಿಯೋಣ" ಎಂದರು ಭಾವ.

ಈ ಸಲ ಅವಳು ಮೂರು ಲೋಟ ತಂದಳು.